ಕಡತವೂ ಚೀಟಿಯೂ

ಕನ್ನಡನಾಡಿನ ವರ್ತಕರ ಅಂಗಡಿಗಳಲ್ಲಿಯೂ ಶಾನುಭೋಗರ ಮನೆಗಳಲ್ಲಿಯೂ ಮಠಗಳ ಭಂಡಾರಗಳಲ್ಲಿಯೂ ಒಂದು ಕಾಲಕ್ಕೆ ತಪ್ಪದೆ ಕಾಣುತ್ತಿದ್ದ ಬರವಣಿಗೆಯ ಸಾಧನವೊಂದುಂಟು. ಅದಕ್ಕೆ ಕಡತವೆಂದು ಹೆಸರು. ಹತ್ತಿಯ ಬಟ್ಟೆಯ ಉದ್ದನೆಯ ಪಟ್ಟಿಗೆ, ಹುಣಿಸೆಬೀಜದ ಅಂಟಿನಲ್ಲಿ ಕಲಸಿದ ಇದ್ದಿಲ ಪುಡಿಯನ್ನು ಎರಡು ಮಗ್ಗುಲಿಗೂ ಬಳಿದು, ಚೆನ್ನಾಗಿ ಒಣಗಿಸಿ, ಎಲ್ಲಿಯೂ ಕತ್ತರಿಸದೆ ಸಮನಾದ ಮಡಿಕೆಗಳಾಗಿ ಮಡಿಸಿ, ಮೊದಲ ಮತ್ತು ಕಡೆಯ ಮಡಿಕೆಗಳಿಗೆ ತೆಳುವಾದ ಮರದ ಹಲಗೆಗಳನ್ನು ಕೂಡಿಸಿದರೆ ಕಡತವು ಸಿದ್ಧವಾಗುವುದು. ಬರೆಯುವುದು ಬಳಪದಿಂದ, ಕರಿಯ ನೆಲದ ಮೇಲೆ ಬಿಳಿಯ ಅಕ್ಷರ. ಬೇಡವಾದುದನ್ನು ಒರಸಿ ಅದೇ ಸ್ಥಳದಲ್ಲಿ ಮತ್ತೆ ಬರೆಯಬಹುದು; ಬೇಕಾದುದನ್ನು ಒರಸದೆ ಇಟ್ಟರೆ ಅದು ತಲೆಮಾರುಗಳವರೆಗೆ ನಿಲ್ಲುವುದು. ಓಲೆಯ ಗರಿಗೆ ಈ ಎರಡನೆಯ ಗುಣವಿದೆ, ಮೊದಲನೆಯದಿಲ್ಲ. ಮಕ್ಕಳ ಮರಳುಮಣೆಗೆ ಮೊದಲನೆಯದಿದೆ, ಎರಡನೆಯದಿಲ್ಲ. ಎರಡನ್ನೂ ಒಂದೇ ವಸ್ತುವಿನಲ್ಲಿ ಕೂಡಿಸಿದ ನಮ್ಮ ಹಿರಿಯರ ಜಾಣ್ಮೆಯನ್ನು ಮೆಚ್ಚಬೇಕಾಗಿದೆ.

ಈ ಮಾತು ಹೊಸದಲ್ಲ. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ಕಡಿತವೆರ್ಗಡೆ ಎಂಬ ಅಧಿಕಾರಿಯ ಹೆಸರು ಬರುತ್ತದೆ. ರಾಜ್ಯದ ಲೆಕ್ಕಪತ್ರಗಳನ್ನು ನೋಡಿಕೊಳ್ಳುವುದು ಇವನ ಕೆಲಸ. ಕಡಿತ, ಕಡತ ಎಂಬ ಎರಡು ರೂಪಗಳೂ ನಿಘಂಟುಗಳಲ್ಲಿ ದೊರೆಯುತ್ತವೆ. ಕಡತದ ವಿವರವಾದ ವರ್ಣನೆಯನ್ನು ಇಂಗ್ಲಿಷಿನಲ್ಲಿ ಬರೆದವರು ಮಾರ್ಕ್ ವಿಲ್ಕ್ಸ್ ಎಂಬ ದೊರೆಗಳು. ಅವರು ೧೯ನೆಯ ಶತಮಾನದ ಮೊದಲ ವರ್ಷಗಳಲ್ಲಿ ಮೈಸೂರಿನ ರೆಸಿಡೆಂಟರ ಕೆಲಸವನ್ನು ನೋಡಿಕೊಂಡಿದ್ದು, ದಕ್ಷಿಣ ಹಿಂದೂದೇಶದ ಚರಿತ್ರೆಯ ಮೊದಲ ಸಂಪುಟವನ್ನು ೧೮೧೦ರಲ್ಲಿ ಪ್ರಕಟಿಸಿದರು. (೧೮೧೫ರಲ್ಲಿ ನೆಪೋಲಿಯನ್ನನನ್ನು ಸೆಂಟ್ ಹೆಲೀನಾ ದ್ವೀಪಕ್ಕೆ ತಂದಿಳಿಸಿದಾಗ ಅಲ್ಲಿಯ ಗವರ್ನರರಾಗಿದ್ದವರೂ ಇವರೇ.) ಪಟ್ಟಿಯ ಅಗಲ ೮ ಅಂಗುಲದಿಂದ ೧ ಅಡಿ, ಉದ್ದ ೧೨ರಿಂದ ೧೮ ಅಡಿ ಎಂದು ಅವರು ಅಳತೆಯನ್ನೇ ಕೊಟ್ಟಿದ್ದಾರೆ. ಚರಿತ್ರೆಯನ್ನು ಬರೆಯಹೊರಟವರು ಆ ಚರಿತ್ರೆಯನ್ನು ತಮಗೆ ತಂದುಕೊಟ್ಟ ಬಟ್ಟೆಯನ್ನು ಅಳೆದುನೋಡಿದುದು ಅಪರೂಪದ ಸಂಗತಿ. ಅಲೆಕ್ಸಾಂಡರನ ನೌಕಾಧಿಪತಿಯಾದ ನಿಯಾರ್ಕಸನು, ಹಿಂದೂಗಳು ಒತ್ತಾಗಿ ನೆಯ್ದ ಬಟ್ಟೆಯ ಮೇಲೆ ಪತ್ರಗಳನ್ನು ಬರೆಯುತ್ತಾರೆಂದು ಹೇಳಿದುದಾಗಿ ಸ್ಟ್ರಾಬೋ ಎಂಬ ಗ್ರೀಕ್ ಗ್ರಂಥಕಾರನು ಬರೆದಿರುವನು. ಅದು ಕಡತವೇ ಎಂದು ಸಾಧಿಸಹೊರಡುವುದು ಉತ್ಸಾಹದ ಮಾತಾದೀತು. ಆದರೆ ಬಟ್ಟೆಯ ಮೇಲೆ ಬರೆಯುವ ಪದ್ಧತಿ ಈ ದೇಶದಲ್ಲಿ ಬಹು ಹಿಂದಿನದೆಂಬುದಕ್ಕೆ ಆ ಸಾಕ್ಷ್ಯ ಸಾಕು.

ಶೃಂಗೇರಿಯ ಮಠದ ಕಡತಗಳು ಇಂದಿಗೂ ಉಳಿದಿದ್ದು ಇತಿಹಾಸಕಾರರಿಗೆ ಉಪಯೋಗವಾಗಿವೆ. ಬರೆದವರು ಇತಿಹಾಸಕ್ಕೆಂದು ಬರೆದವರಲ್ಲ. ಬಂದ ಭತ್ತವೆಷ್ಟು, ಕೊಟ್ಟ ಹಣವೆಷ್ಟು, ಯಾವ ಊರಿಗೆ ಏನೆಂದು ನಿರೂಪ ಹೋಯಿತು ಎಂಬುದನ್ನು ನಾಳೆಗೆ ನೆನಪಿರಲೆಂದು ಗುರುತು ಹಾಕಿಕೊಂಡವರು. ಟಿಪ್ಪಣಿಯೆಂಬುದರ ಸ್ವರೂಪವೇ ಇಂಥದು. ಅದು ನಾಳೆಗೆಂದು ಹುಟ್ಟುತ್ತದೆ. ನಾಳೆಯ ಆಚೆಗೆ ಅದು ಬದುಕಿದರೆ ಅದು ಬರೆದವನ ಉದ್ದೇಶದಿಂದಲ್ಲ, ಬರೆದ ವಸ್ತುವಿನ ಬಾಳಿಕೆಯಿಂದ.

ಆದರೆ ಗುರುತು ಹಾಕಿಕೊಳ್ಳುವುದು ಒಂದು ವಿದ್ಯೆ. ಹಾಕಿದ ಗುರುತುಗಳಲ್ಲಿ ಬೇಕಾದುದು ಬೇಕಾದಾಗ ಸಿಕ್ಕುವಂತೆ ಅಣಿಗೊಳಿಸುವುದು ಮತ್ತೊಂದು ವಿದ್ಯೆ. ವೇದವನ್ನು ಕಂಠದಲ್ಲಿ ಧರಿಸಿದ ಜನರು ಈ ಎರಡನೆಯದನ್ನು ಬರವಣಿಗೆಯ ಹಂಗಿಲ್ಲದೆಯೇ ಸಾಧಿಸಿದರು. ಕಾತ್ಯಾಯನನ ಸರ್ವಾನುಕ್ರಮಣಿಯು ಋಗ್ವೇದದ ಪ್ರತಿಯೊಂದು ಸೂಕ್ತಕ್ಕೂ ಮೊದಲ ಮಾತು, ಋಕ್ಕುಗಳ ಸಂಖ್ಯೆ, ಋಷಿ, ದೇವತೆ, ಛಂದಸ್ಸು ಇವುಗಳನ್ನು ಹೇಳುತ್ತದೆ. ಈಗಿನವರು ಗ್ರಂಥದ ಕೊನೆಗೆ ಸೇರಿಸುವ ಅಕಾರಾದಿಯ ಕೆಲಸವನ್ನೇ ಅದು ಬಾಯಿಪಾಠದ ಸಾಹಿತ್ಯಕ್ಕೆ ಮಾಡಿತು.

ಕನ್ನಡದಲ್ಲಿ ಈ ಬಗೆಯ ಕೆಲಸಕ್ಕೆ ಹೆಸರಾದುದು ಮಲ್ಲಿಕಾರ್ಜುನನ ಸೂಕ್ತಿಸುಧಾರ್ಣವ. ಹೊಯ್ಸಳ ಸೋಮೇಶ್ವರನ ಕಾಲದಲ್ಲಿ, ಸುಮಾರು ೧೨೪೫ರಲ್ಲಿ, ಈ ಮಹನೀಯನು ಪೂರ್ವಕವಿಗಳ ಕಾವ್ಯಗಳಿಂದ ಪದ್ಯಗಳನ್ನು ಆಯ್ದು, ಸಮುದ್ರ, ಪರ್ವತ, ಋತು, ಚಂದ್ರೋದಯ, ಯುದ್ಧ ಮುಂತಾದ ವರ್ಣನೆಗಳ ತಲೆಬರಹಗಳ ಕೆಳಗೆ ಹಂಚಿ ಇಟ್ಟನು. ಚಂದ್ರೋದಯವನ್ನು ಯಾರು ಯಾರು ಹೇಗೆ ಹೇಗೆ ವರ್ಣಿಸಿದರೆಂದು ತಿಳಿಯಬೇಕಾದವನು ಇಪ್ಪತ್ತು ಕಾವ್ಯಗಳ ಓಲೆಗಳನ್ನು ಬಿಚ್ಚಬೇಕಾಗಿಲ್ಲ; ಒಂದು ಕಟ್ಟನ್ನು ಬಿಚ್ಚಿದರೆ ಸಾಕು. ಮೂಲಗ್ರಂಥಗಳು ಕಳೆದುಹೋದ ಪದ್ಯಗಳೂ ಇದರಲ್ಲಿ ಉಳಿದುಬಂದಿವೆ. ಇಷ್ಟು ಉಪಕಾರ ಮಾಡಿದವನ ಮೇಲೆ ದೂರು ಹೇಳುವುದು ಕೃತಘ್ನತೆಯೆನಿಸಬಹುದು. ಆದರೂ ಹೇಳದೆ ತೀರದು. ಯಾವ ಪದ್ಯ ಯಾವ ಕವಿಯದು, ಯಾವ ಕಾವ್ಯದ್ದು ಎಂಬುದನ್ನು ಅವನು ಕಾಣಿಸಲಿಲ್ಲ. ಆ ಕಾಲದ ವಿದ್ವಾಂಸರಿಗೆ ಪದ್ಯ ಕೇಳಿದೊಡನೆ ಕವಿಯ ಗುರುತು ಸಿಕ್ಕುತ್ತಿದ್ದಿರಬೇಕು. ಏಳು ಶತಮಾನ ಕಳೆದ ಮೇಲೆ, ಕರ್ಣಾಟಕ ಕವಿಚರಿತೆಯನ್ನು ೧೯೦೭, ೧೯೧೯, ೧೯೨೯ರಲ್ಲಿ ಮೂರು ಸಂಪುಟಗಳಾಗಿ ಹೊರತಂದ ಆರ್. ನರಸಿಂಹಾಚಾರ್ಯರಂಥವರು ದೊರೆತ ಕಾವ್ಯಗಳೊಡನೆ ಪದ್ಯಗಳನ್ನು ಒಂದೊಂದಾಗಿ ಹೋಲಿಸಿನೋಡಬೇಕಾಯಿತು. ಕಾವ್ಯ ದೊರೆಯದಿದ್ದಲ್ಲಿ ಪದ್ಯವು ತಬ್ಬಲಿಯಾಗಿಯೇ ನಿಂತಿತು. ಬರೆಯುವಾಗ ಎರಡು ಅಕ್ಷರ ಹೆಚ್ಚಿಗೆ ಕೆತ್ತಿದ್ದರೆ ಸಾಕಾಗುತ್ತಿತ್ತು. ಮಲ್ಲಿಕಾರ್ಜುನನ ಮಗನೇ ಶಬ್ದಮಣಿದರ್ಪಣದ ಕರ್ತೃವಾದ ಕೇಶಿರಾಜ. ತಂದೆಯ ಮನೆಯಲ್ಲಿದ್ದ ಪದ್ಯಸಂಗ್ರಹವು ಮಗನ ವ್ಯಾಕರಣದ ಉದಾಹರಣೆಗಳಿಗೆ ಒದಗಿರಬೇಕೆಂದು ಊಹಿಸುವುದು ಸಹಜವಾಗಿದೆ.

ಯೂರೋಪಿನ ವಿದ್ವಾಂಸರು ಬಹುಕಾಲ ಇದೇ ತಲೆಬರಹದ ಪದ್ಧತಿಯನ್ನು ಹೊತ್ತಗೆಗಳಲ್ಲಿ ನಡೆಸಿದರು. ಹೊತ್ತಗೆಗೆ ಒಂದು ಸ್ವಾಭಾವಿಕವಾದ ಕುಂದುಂಟು: ಒಂದು ತಲೆಬರಹದ ಕೆಳಗೆ ಬಿಟ್ಟ ಸ್ಥಳ ತುಂಬಿಹೋದರೆ ಮುಂದಿನ ಮಾತಿಗೆ ಎಡೆಯಿಲ್ಲ. ಸ್ವಿಸ್ ದೇಶದ ಕಾನ್ರಾಡ್ ಗೆಸ್ನರನು ೧೫೪೮ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಇದಕ್ಕೆ ಉಪಾಯ ಹೇಳಿದನು. ಹಾಳೆಯ ಒಂದು ಮಗ್ಗುಲಲ್ಲಿ ಮಾತ್ರ ಬರೆದು, ಒಂದೊಂದು ವಿಷಯವನ್ನೂ ಕತ್ತರಿಸಿ ಬೇರೆ ಬೇರೆ ಚೀಟಿಯಾಗಿ ಮಾಡಿ, ಬೇಕಾದ ಕ್ರಮದಲ್ಲಿ ಜೋಡಿಸಿಕೊಳ್ಳಬೇಕು. ಹೊತ್ತಗೆಯಲ್ಲಿ ಮಾತು ಬಿದ್ದಲ್ಲಿಯೇ ಬಿದ್ದಿರುವುದು; ಚೀಟಿಯಲ್ಲಿ ಅದು ನಡೆದಾಡತೊಡಗಿತು. ಸಸ್ಯಶಾಸ್ತ್ರದ ಲಿನೇಯಸನೂ ತನ್ನ ಕಡೆಯ ವರ್ಷಗಳಲ್ಲಿ ಇಂಥ ಚೀಟಿಗಳನ್ನೇ ಹಿಡಿದನು.

ಚೀಟಿಯ ಮಹಿಮೆಯೂ ಚೀಟಿಯ ಅಪಾಯವೂ ಎದ್ದುಕಾಣುವುದು ಆಕ್ಸ್‌ಫರ್ಡಿನ ಇಂಗ್ಲಿಷ್ ನಿಘಂಟಿನ ಕಥೆಯಲ್ಲಿ. ಜೇಮ್ಸ್ ಮರೇ ಎಂಬವರು ಮಿಲ್ ಹಿಲ್ ಎಂಬಲ್ಲಿ ಶಾಲೆಯ ಉಪಾಧ್ಯಾಯರು. ೧೮೭೯ರಲ್ಲಿ ಸಂಪಾದಕತ್ವವನ್ನು ಒಪ್ಪಿಕೊಂಡು, ಶಾಲೆಯ ಆವರಣದಲ್ಲಿ ಕಬ್ಬಿಣದ ತಗಡಿನ ಕೊಟ್ಟಿಗೆಯೊಂದನ್ನು ಕಟ್ಟಿಸಿ, ಅದರಲ್ಲಿ ೧,೦೨೯ ಗೂಡುಗಳನ್ನು ಮಾಡಿಸಿದರು. ಹಿಂದಿನ ಸಂಪಾದಕರ ಕಡೆಯಿಂದ ಅವರಿಗೆ ಬಂದ ಚೀಟಿಗಳ ತೂಕ ಸುಮಾರು ಎರಡು ಟನ್ನು. ಒಂದು ಚೀಲದಲ್ಲಿ ಸತ್ತ ಇಲಿಯಿತ್ತು. ಮತ್ತೊಂದರಲ್ಲಿ ಸುಂಡಿಲಿಯೊಂದು ಮರಿ ಹಾಕಿಕೊಂಡು ಸುಖವಾಗಿತ್ತು. ಎಚ್ ಅಕ್ಷರದ ಚೀಟಿಗಳು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಸಿಕ್ಕಿದವು. ಪಿ ಅಕ್ಷರದ ಒಂದು ಭಾಗವು ಐರ್ಲೆಂಡಿನ ಕುದುರೆಲಾಯದಲ್ಲಿ ಪತ್ತೆಯಾಯಿತು. ಅಷ್ಟರಲ್ಲಿ ಅದರ ಬಹುಭಾಗವನ್ನು ಒಲೆ ಹೊತ್ತಿಸಲು ಉಪಯೋಗಿಸಿಬಿಟ್ಟಿದ್ದರು. ಯಾರೋ ಪುಣ್ಯಾತ್ಮರು ವರ್ಷಗಟ್ಟಲೆ ಕುಳಿತು ಗ್ರಂಥಗಳನ್ನೋದಿ ಬರೆದು ಕಳುಹಿಸಿದ ಮಾತುಗಳು ಹಾಗೆ ಬೂದಿಯಾದವು. ಆ ಭಾಗವನ್ನು ಮತ್ತೆ ಹೊಸದಾಗಿ ಸಂಗ್ರಹಿಸಬೇಕಾಯಿತು. ನಿಘಂಟಿನ ಮೊದಲ ಭಾಗ ೧೮೮೪ರಲ್ಲಿ ಹೊರಟಿತು. ಮರೇಯವರು ೧೯೧೫ರಲ್ಲಿ ತೀರಿಕೊಂಡರು. ಕೆಲಸ ಮುಗಿದದ್ದು ೧೯೨೮ರಲ್ಲಿ. ಅವರ ಚೀಟಿಯ ಕ್ರಮವು ಮಲ್ಲಿಕಾರ್ಜುನನ ಕ್ರಮಕ್ಕಿಂತ ಒಂದು ಹೆಜ್ಜೆ ಮುಂದಿದೆ. ಎಡದ ಮೂಲೆಯಲ್ಲಿ ಶಬ್ದ, ಅದರ ಕೆಳಗೆ ವರ್ಷ, ಗ್ರಂಥಕರ್ತ, ಗ್ರಂಥ, ಪುಟ, ಆಮೇಲೆ ವಾಕ್ಯ. ಮೂಲವನ್ನು ಹೇಳದ ಚೀಟಿಗೆ ಆ ಕೊಟ್ಟಿಗೆಯಲ್ಲಿ ಬೆಲೆಯಿರಲಿಲ್ಲ.

ಕನ್ನಡದಲ್ಲಿ ಕಿಟ್ಟೆಲ್ ಪಂಡಿತರ ನಿಘಂಟು ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿಗಾಗಿ ಕಾವ್ಯಗಳಿಂದಲೂ ಶಾಸನಗಳಿಂದಲೂ ಶಬ್ದಗಳನ್ನು ಪ್ರಯೋಗಸಹಿತವಾಗಿ ಚೀಟಿಗಳಲ್ಲಿ ಇಳಿಸಿಕೊಂಡರು. ಅದರ ಮೊದಲ ಸಂಪುಟ ೧೯೭೦ರಲ್ಲಿಯೂ ಎಂಟನೆಯ ಸಂಪುಟ ೧೯೯೫ರಲ್ಲಿಯೂ ಬಂದವು. ಇಪ್ಪತ್ತೈದು ವರ್ಷಗಳ ಪ್ರಕಟನೆ. ಸಂಗ್ರಹದ ವರ್ಷಗಳು ಬೇರೆ.

ಚೀಟಿಗಳು ಹೆಚ್ಚಾದಂತೆಲ್ಲ ಹಳೆಯ ಪ್ರಶ್ನೆಯೇ ಮತ್ತೆ ತಲೆಯೆತ್ತಿತು: ಒಂದು ಚೀಟಿಯನ್ನು ಎಲ್ಲಿ ಇಡಬೇಕು? ಮಲೆನಾಡಿನ ಅಡಕೆಯ ರೋಗವನ್ನು ಕುರಿತ ಟಿಪ್ಪಣಿಯು ಮಲೆನಾಡಿಗೆ ಸೇರಿದ್ದೋ, ಅಡಕೆಗೋ, ರೋಗಕ್ಕೋ? ಮದರಾಸಿನಲ್ಲಿ ಗಣಿತದ ಅಧ್ಯಾಪಕರಾಗಿದ್ದು ೧೯೨೪ರಲ್ಲಿ ಅಲ್ಲಿಯ ವಿಶ್ವವಿದ್ಯಾನಿಲಯದ ಗ್ರಂಥಪಾಲರಾದ ಎಸ್. ಆರ್. ರಂಗನಾಥನ್ ಅವರು ಇದಕ್ಕೆ ಕೊಟ್ಟ ಉತ್ತರವು ಪ್ರಪಂಚದ ವಿದ್ವಾಂಸರ ಗಮನವನ್ನು ಸೆಳೆಯಿತು. ಲಂಡನ್ನಿನ ಅಂಗಡಿಯೊಂದರಲ್ಲಿ, ತುಂಡುಗಳನ್ನು ತಿರುಪಿನಿಂದ ಜೋಡಿಸಿ ಬೇಕಾದ ರೂಪವನ್ನು ಮಾಡುವ ಮಕ್ಕಳ ಆಟಿಕೆಯನ್ನು ನೋಡಿ ಅವರಿಗೆ ಯುಕ್ತಿ ಹೊಳೆಯಿತಂತೆ. ವಿಷಯವನ್ನು ಒಂದೇ ಗೂಡಿಗೆ ತುರುಕದೆ, ಅದರ ಮುಖಗಳನ್ನು ಬಿಡಿಸಿ, ಒಂದೊಂದು ಮುಖಕ್ಕೂ ಒಂದೊಂದು ಅಂಕವನ್ನು ಕೊಟ್ಟು, ನಡುವೆ ಎರಡು ಚುಕ್ಕಿಯ ಚಿಹ್ನೆಯನ್ನಿಟ್ಟು ಕೂಡಿಸುವುದೇ ಆ ಯುಕ್ತಿ. ಈ ಕೋಲನ್ ವರ್ಗೀಕರಣ ೧೯೩೩ರಲ್ಲಿ ಪ್ರಕಟವಾಯಿತು. ರಂಗನಾಥನ್ ಅವರು ತಮ್ಮ ಕಡೆಯ ಕಾಲವನ್ನು ಬೆಂಗಳೂರಿನಲ್ಲಿ ಕಳೆದು, ೧೯೬೨ರಲ್ಲಿ ಅಲ್ಲಿ ಗ್ರಂಥಾಲಯ ಶಾಸ್ತ್ರದ ಸಂಶೋಧನ ಕೇಂದ್ರವನ್ನು ಸ್ಥಾಪಿಸಿ, ೧೯೭೨ರಲ್ಲಿ ಅಲ್ಲಿಯೇ ದೇಹವನ್ನು ಬಿಟ್ಟರು. ಇಂದು ಮೊಬೈಲಿನಲ್ಲಿ ಒಂದು ಟಿಪ್ಪಣಿಗೆ ನಾಲ್ಕು ಗುರುತುಪಟ್ಟಿಗಳನ್ನು ಅಂಟಿಸುವವರು ತಿಳಿಯದೆಯೇ ಅವರ ದಾರಿಯಲ್ಲಿ ನಡೆಯುತ್ತಿದ್ದಾರೆ.

ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್ ಹಿಡಿದ ಹಾದಿ ಇದಕ್ಕೆ ತೀರ ವಿರುದ್ಧ. ೧೯೨೭ರಲ್ಲಿ ಹುಟ್ಟಿ, ಮೊದಲು ಸರಕಾರದ ಕಚೇರಿಯಲ್ಲಿ ಅಧಿಕಾರಿಯಾಗಿದ್ದು, ಆಮೇಲೆ ಬೀಲೆಫೆಲ್ಡ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕನಾದ ಈತನು ೧೯೫೦ರ ದಶಕದ ಮೊದಲಿಂದ ಸುಮಾರು ೯೦,೦೦೦ ಚೀಟಿಗಳನ್ನು ಬರೆದು ಮರದ ಪೆಟ್ಟಿಗೆಗಳಲ್ಲಿ ಇಟ್ಟನು. ವಿಷಯದ ತಲೆಬರಹಕ್ಕೆ ಚೀಟಿಯನ್ನು ಕಟ್ಟಿಹಾಕದೆ, ಒಂದೊಂದು ಚೀಟಿಗೂ ಒಂದು ಅಂಕವನ್ನು ಹಾಕಿ, ಹಳೆಯ ಚೀಟಿಯ ಮಾತಿಗೆ ಹೊಸ ಮಾತು ಹೊಳೆದಾಗ ಅದಕ್ಕೆ ಕವಲಿನ ಅಂಕವನ್ನು ಕೊಟ್ಟು ಹಿಂದೆಯೇ ಸೇರಿಸಿ, ದೂರದ ಸಂಬಂಧವಿರುವ ಚೀಟಿಗಳ ಅಂಕಗಳನ್ನು ಪರಸ್ಪರ ಕಾಣಿಸುತ್ತಿದ್ದನು. ಹೀಗೆ ಪೆಟ್ಟಿಗೆಯು ಆಲದ ಮರದಂತೆ ಬಿಳಲು ಬಿಡುತ್ತ ಬೆಳೆಯಿತು. ಪೆಟ್ಟಿಗೆಯೊಡನೆ ತಾನು ಸಂಭಾಷಣೆ ಮಾಡುವೆನೆಂದು ಅವನು ೧೯೮೧ರಲ್ಲಿ ಒಂದು ಲೇಖನವನ್ನೇ ಬರೆದನು. ೧೯೯೮ರಲ್ಲಿ ಅವನು ತೀರಿಕೊಂಡ ಮೇಲೆ, ೨೦೧೧ರಲ್ಲಿ ವಿಶ್ವವಿದ್ಯಾನಿಲಯವು ಆ ಸಂಗ್ರಹವನ್ನು ಪಡೆದುಕೊಂಡಿತು.

ಚೀಟಿಗೂ ಯಂತ್ರಕ್ಕೂ ಸಂಬಂಧವನ್ನು ಕಲ್ಪಿಸಿದವರು ಅಮೆರಿಕದ ವನೇವರ್ ಬುಷ್. ಎರಡನೆಯ ಮಹಾಯುದ್ಧದಲ್ಲಿ ಆ ದೇಶದ ವಿಜ್ಞಾನಕಾರ್ಯವನ್ನೆಲ್ಲ ನಡೆಸಿದ ಇವರು ೧೯೪೫ರ ಜುಲೈ ತಿಂಗಳಲ್ಲಿ ಒಂದು ಮಾಸಪತ್ರಿಕೆಯಲ್ಲಿ, ಮೆಮೆಕ್ಸ್ ಎಂದು ತಾವೇ ಹೆಸರಿಟ್ಟ ಮೇಜೊಂದನ್ನು ವರ್ಣಿಸಿದರು. ಮನುಷ್ಯನು ತನ್ನ ಗ್ರಂಥಗಳನ್ನೂ ಪತ್ರಗಳನ್ನೂ ಸೂಕ್ಷ್ಮಚಿತ್ರಗಳಾಗಿ ಅದರೊಳಗಿಟ್ಟು, ಒಂದರಿಂದ ಮತ್ತೊಂದಕ್ಕೆ ತಾನೇ ಹಾದಿಗಳನ್ನು ಹಾಕಿಕೊಂಡು, ಬೇಕೆಂದಾಗ ಆ ಹಾದಿಯಲ್ಲಿ ಮರಳಿ ನಡೆಯಬಹುದೆಂದು ಅವರ ಕಲ್ಪನೆ. ಆ ಮೇಜನ್ನು ಯಾರೂ ಮಾಡಲಿಲ್ಲ. ಆದರೂ ಆಮೇಲೆ ಗಣಕಯಂತ್ರದಲ್ಲಿ ಈ ಕೆಲಸಕ್ಕೆ ಕೈಹಾಕಿದವರಲ್ಲಿ ಅನೇಕರು ಆ ಲೇಖನವನ್ನು ಓದಿದವರು.

ಇನ್ನು ಇಂದಿನ ಟಿಪ್ಪಣಿಯ ಆ್ಯಪುಗಳು. ೨೦೦೩ರಲ್ಲಿ ಒನ್‌ನೋಟ್, ೨೦೦೮ರಲ್ಲಿ ಎವರ್‌ನೋಟ್, ೨೦೧೩ರಲ್ಲಿ ಗೂಗಲ್ ಕೀಪ್, ೨೦೨೦ರಲ್ಲಿ ಆಬ್ಸಿಡಿಯನ್ ಹೀಗೆ ಒಂದರ ಹಿಂದೊಂದು ಬಂದವು. ಇವು ಮಾಡುವ ಕೆಲಸವನ್ನು ನೋಡಿದರೆ, ಹಿಂದೆ ಹೇಳಿದ ಮಹನೀಯರೆಲ್ಲ ಒಂದೇ ಕಿಸೆಯಲ್ಲಿ ಸೇರಿದಂತೆ ತೋರುವುದು. ದಾರಿಯಲ್ಲಿ ಕಂಡ ಶಾಸನದ ಪಟವನ್ನು ತೆಗೆದು, ಅದರ ಕೆಳಗೆ ನಾಲ್ಕು ಮಾತನ್ನು ಬರೆದು, ಊರು, ಅರಸು, ಶತಮಾನ ಎಂಬ ಗುರುತುಪಟ್ಟಿಗಳನ್ನು ಹಚ್ಚಿ, ಹಿಂದಿನ ಟಿಪ್ಪಣಿಗೆ ಕೊಂಡಿಯನ್ನು ಹಾಕಿದರೆ, ಮನೆಗೆ ಬರುವುದರೊಳಗಾಗಿ ಅದು ಮೇಜಿನ ಮೇಲಣ ಯಂತ್ರದಲ್ಲಿಯೂ ಕಾಣಿಸಿಕೊಳ್ಳುವುದು. ಕಿಸೆಯಲ್ಲಿ ಒಂದು, ಮನೆಯಲ್ಲಿ ಒಂದು, ದೂರದ ಊರಿನ ಯಂತ್ರಾಲಯದಲ್ಲಿ ಒಂದು. ಹೀಗೆ ಪ್ರತಿಗಳಿರುವುದರಿಂದ ಮೊಬೈಲು ಬಾವಿಗೆ ಬಿದ್ದರೂ ಟಿಪ್ಪಣಿ ಮುಳುಗುವುದಿಲ್ಲ. ಕುದುರೆಲಾಯದ ಒಲೆಗೂ ಸುಂಡಿಲಿಗೂ ಇಲ್ಲಿ ಪ್ರವೇಶವಿಲ್ಲ. ಕಡತದಂತೆ ಒರಸಿ ಬರೆಯಬಹುದು. ಒರಸಿದುದನ್ನು ಕೆಲವು ಆ್ಯಪುಗಳಲ್ಲಿ ಮತ್ತೆ ಎಬ್ಬಿಸಲೂ ಬಹುದು. ಇದು ಕಡತಕ್ಕಿಲ್ಲದ ಶಕ್ತಿ.

ಆದರೆ ಕಡತಕ್ಕಿದ್ದ ಒಂದು ಗುಣ ಇವಕ್ಕೆ ಇಲ್ಲ. ಕಡತವನ್ನು ಮಾರಿದ ಅಂಗಡಿಯವನು ಮುಚ್ಚಿಕೊಂಡು ಹೋದರೂ ಕಡತವು ವರ್ತಕನ ಮನೆಯಲ್ಲಿಯೇ ಇರುತ್ತಿತ್ತು. ಗೂಗಲ್ ಸಂಸ್ಥೆಯು ೨೦೦೬ರಲ್ಲಿ ಆರಂಭಿಸಿದ ಟಿಪ್ಪಣಿ ಪುಸ್ತಕವು ೨೦೧೨ರಲ್ಲಿ ನಿಂತುಹೋಯಿತು. ಅದರಲ್ಲಿದ್ದುದನ್ನು ಬೇರೆ ಕಡೆಗೆ ಸಾಗಿಸಿಕೊಟ್ಟರೆಂಬುದನ್ನೂ ಹೇಳಬೇಕು. ಆನೆಯ ತಲೆಯನ್ನು ಲಾಂಛನವಾಗಿ ಧರಿಸಿ, ಎಂದೂ ಮರೆಯದ ನೆನಪಿನ ಭಂಡಾರವೆಂದು ಹೆಸರಾದ ಎವರ್‌ನೋಟ್ ೨೦೨೩ರ ಮೊದಲಲ್ಲಿ ಇಟಲಿಯ ಬೆಂಡಿಂಗ್ ಸ್ಪೂನ್ಸ್ ಸಂಸ್ಥೆಯ ಕೈಗೆ ಹೋಯಿತು. ಅದೇ ವರ್ಷದ ಡಿಸೆಂಬರಿನಲ್ಲಿ, ಹಣ ಕೊಡದೆ ಉಪಯೋಗಿಸುವವರಿಗೆ ೫೦ ಟಿಪ್ಪಣಿ, ಒಂದು ಪುಸ್ತಕ ಎಂದು ಮಿತಿಯನ್ನು ವಿಧಿಸಿದರು. ಹಳೆಯ ಟಿಪ್ಪಣಿಗಳನ್ನು ಅಳಿಸಲಿಲ್ಲ. ಮಿತಿಯನ್ನು ಮೀರಿದವರು ಹೊಸದನ್ನು ಬರೆಯುವಂತಿರಲಿಲ್ಲ, ಅಷ್ಟೆ. ವ್ಯಾಪಾರದ ದೃಷ್ಟಿಯಿಂದ ಇದು ತಪ್ಪಲ್ಲ. ಅಂಗಡಿಯವನು ಬಾಡಿಗೆ ಕೇಳುವುದು ಧರ್ಮವೇ. ಆದರೆ ತನ್ನ ನೆನಪನ್ನು ಬಾಡಿಗೆಯ ಮನೆಯಲ್ಲಿಟ್ಟಿರುವೆನೆಂಬುದು ಎಷ್ಟೋ ಜನರಿಗೆ ಆ ದಿನವೇ ತಿಳಿಯಿತು. ಆಬ್ಸಿಡಿಯನ್ನಿನಂಥವು ಟಿಪ್ಪಣಿಗಳನ್ನು ಯಾವ ಯಂತ್ರವಾದರೂ ಓದಬಲ್ಲ ಬರಿಯ ಅಕ್ಷರದ ಕಡತಗಳಾಗಿ ಬರೆದವನ ಯಂತ್ರದಲ್ಲಿಯೇ ಇಡುತ್ತವೆ. ಗಣಕಯಂತ್ರದ ಫೈಲಿಗೆ ಕನ್ನಡಿಗರು ಕಡತವೆಂದೇ ಹೆಸರಿಟ್ಟಿರುವುದು ಇಲ್ಲಿ ಚೆನ್ನಾಗಿ ಒಪ್ಪುತ್ತದೆ.

ಕನ್ನಡದಲ್ಲಿ ಟಿಪ್ಪಣಿಯನ್ನಿಡುವವರಿಗೆ ಇನ್ನೂ ಒಂದು ಅನುಭವ ಹಿಂದೆಯೇ ಆಗಿಹೋಗಿದೆ. ಯೂನಿಕೋಡ್ ಎಂಬ ಸರ್ವಲಿಪಿ ಸಂಕೇತದಲ್ಲಿ ೧೯೯೧ರಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ, ಮುಂದೆ ಬಹುವರ್ಷ ಜನರು ಬರೆದುದು ಬೇರೆ ಬೇರೆ ಅಚ್ಚಿನ ಮೊಳೆಗಳ ಸಂಕೇತದಲ್ಲಿ. ಅಲ್ಲಿ ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುತ್ತಿದ್ದರು. ಆ ಮೊಳೆಗಳಿಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡವೆಲ್ಲ ಮಾಯವಾಗಿ ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು ಕಾಣುತ್ತಿತ್ತು. ಎಷ್ಟೋ ಮಂದಿ ಉಪಾಧ್ಯಾಯರು, ಸ್ಥಳಚರಿತ್ರೆಯ ಸಂಗ್ರಾಹಕರು, ಪತ್ರಿಕೆಯವರು ಆ ವರ್ಷಗಳಲ್ಲಿ ಬೆರಳಚ್ಚು ಮಾಡಿದುದು ಹಾಗೆ ಕಡತದಲ್ಲಿದ್ದೂ ಇಲ್ಲದಂತಾಯಿತು. ಪರಿವರ್ತನೆ ಮಾಡುವ ಸಾಧನಗಳು ಆಮೇಲೆ ಬಂದವು. ಆದರೆ ಒತ್ತಕ್ಷರ, ಅರ್ಕಾವೊತ್ತುಗಳಲ್ಲಿ ತಪ್ಪುಳಿಯುವುದುಂಟು, ಅದನ್ನು ಕಣ್ಣಿಟ್ಟು ತಿದ್ದಬೇಕು. ಬಳಪದ ಬರೆಹವು ಮಾಸಿದರೆ ಮಾಸಿದುದು ಕಣ್ಣಿಗೆ ಕಾಣುತ್ತದೆ. ಇದು ಮಾಸಿದುದು ತೆರೆಯುವವರೆಗೆ ಗೊತ್ತಾಗುವುದಿಲ್ಲ.

ಸಂಕೇತವು ಸರಿಯಾದ ಮೇಲೂ ಹುಡುಕುವ ತೊಡಕೊಂದು ಉಳಿದಿದೆ. ಸಾಮಾನ್ಯವಾದ ಹುಡುಕುಯಂತ್ರವು ಅಕ್ಷರಗಳನ್ನು ಸಾಲಾಗಿ ಹೋಲಿಸಿ ನೋಡುತ್ತದೆ, ಅಷ್ಟೆ. ಇಂಗ್ಲಿಷಿನಲ್ಲಿ ಇದರಿಂದ ಬಹುಮಟ್ಟಿಗೆ ಕೆಲಸವಾಗುತ್ತದೆ. ಕನ್ನಡದಲ್ಲಿ ಮೈಸೂರು ಎಂದು ಬರೆದು ಹುಡುಕಿದರೆ, ಮೈಸೂರಿನಲ್ಲಿ ಎಂದಿರುವ ಟಿಪ್ಪಣಿ ಸಿಕ್ಕುವುದಿಲ್ಲ. ಕೊನೆಯ ಉಕಾರವು ಲೋಪಸಂಧಿಯಿಂದ ಬಿದ್ದುಹೋಗಿದೆ. ಮೈಸೂರ ಎಂದು ಕೊಟ್ಟರೆ ಎರಡೂ ಸಿಕ್ಕುವುವು. ಕನ್ನಡ ಎಂದು ಹುಡುಕಿದರೆ ಕನ್ನಡದ, ಕನ್ನಡಕ್ಕೆ ಎಂಬುವು ಬರುತ್ತವೆ. ಹಳಗನ್ನಡವೂ ಹೊಸಗನ್ನಡವೂ ಬರುವುದಿಲ್ಲ. ತಾವರೆಯನ್ನು ಹುಡುಕಿದವನಿಗೆ ಬೆಟ್ಟದಾವರೆ ಕಾಣುವುದಿಲ್ಲ. ಕ ತ ಪಗಳು ಸಮಾಸದಲ್ಲಿ ಗ ದ ಬಗಳಾಗುವ ಈ ಆದೇಶವನ್ನು ಯಂತ್ರಕ್ಕೆ ಕಲಿಸಬೇಕಾದವರಿಗೆ ಸೂತ್ರವು ಸಿದ್ಧವಾಗಿಯೇ ಇದೆ: ಪದ್ಯಗಳನ್ನು ಆಯ್ದಿಟ್ಟು ಕವಿಗಳ ಹೆಸರನ್ನು ಬರೆಯದೆ ಹೋದ ಮಲ್ಲಿಕಾರ್ಜುನನ ಮಗನು ೧೩ನೆಯ ಶತಮಾನದಲ್ಲಿ ಶಬ್ದಮಣಿದರ್ಪಣದ ಸಂಧಿಪ್ರಕರಣದಲ್ಲಿ ಅದನ್ನು ವಿವರಿಸಿದ್ದಾನೆ.